ಉಣ್ಣೋ ಕೈ

ಕುರ್ಚಿ ಎಳಕೋ ಅಫ್ರೋಜ್, ರೋಲ್‌ಕಾಲಿಗಿ ಇನ್ನಾ ತಾಸು ಅದ.
ಟೋಪಿ ತೆಗೆದಿಡು. ಮೇ ತಿಂಗಳಿನ್ಯಾಗ ಈ ಕಲಬುರಗಿ ಫ್ಯಾನಿಗೂ
ರಜಾ ಬೇಕಂತ ಅರ್ಜಿ ಬರದಂಗ ತಿರುಗ್ತದ.

ತರಬೇತ್ಯಾಗ ಹೇಳಿಕೊಟ್ಟಿರ್ತಾರ:
ಬಾಗಿಲ ಎದುರಿಗಿ ನಿಂದರಬ್ಯಾಡ, ಚೌಕಟ್ಟಿನ ಬಾಜೂಕ ನಿಂದರು.
ಒಬ್ಬನೇ ಗಲ್ಲಿ ಒಳಗ ಹೋಗಬ್ಯಾಡ.
ಜೀಪಿನ ಮಾರಿ ಹೊರಗ ಹೋಗೋ ದಿಕ್ಕಿಗಿ ಇರಲಿ.
ಮಂದಿ ಮಾರಿ ನೋಡಬ್ಯಾಡ, ಮಾರಿ ಸುಳ್ಳು ಹೇಳ್ತದ;
ಕೈ ನೋಡು.
ಎಲ್ಲಾ ಖರೆ. ಇಪ್ಪತ್ತಾರು ವರ್ಷ ನಾನೂ ಕೈನೇ ನೋಡಿದೆ.

ಚಹಾ ಕೊಡೋ ಕೈ, ಬಸ್ಸಿನ್ಯಾಗ ಟಿಕೆಟ್ ಹರಿಯೋ ಕೈ.
ತಂಗಿ ಮದಿವ್ಯಾಗ ಅಕ್ಕಿಕಾಳು ಹಿಡದ ಮುಷ್ಟಿ ಎಣಿಸಕೋತ ನಿಂತು
ಅಕ್ಷತೆ ಹಾಕೋದೇ ಮರತೆ.

ಅಂಬಾರಾಯನ ರೌಡಿ ಶೀಟ್ ನಾನೇ ಬರದಿದ್ದು.
ಹುಬ್ಬಿನ ಮ್ಯಾಲ ಗಾಯದ ಕಲೆ. ಮುಂಗೈ ಮ್ಯಾಲ ಚೇಳಿನ ಹಚ್ಚೆ.
ದೋಸ್ತರು ಯಾರು, ವೈರಿಗಳು ಯಾರು.
ತಾಯಿ ಜಗದೇವಿ, ದಾಲ್ ಮಿಲ್ಲಿನ್ಯಾಗ ಬ್ಯಾಳಿ ಹಸನ ಮಾಡ್ತಾಳ.
ಎಲ್ಲಾದಕ್ಕೂ ಒಂದೊಂದು ಕಾಲಂ.
ಹನ್ನೊಂದು ದಿನ ಆಳಂದ ನಾಕಾದ ಹೋಟೆಲಿನ್ಯಾಗ
ಮಫ್ತಿಯೊಳಗ ಕುಂತು ಅವನ ಕೈ ಓದಿದೆ.
ಬಲಗೈಲೆ ಸುಸ್ಲಾ, ಬಲಗೈಲೆ ಮಿರ್ಚಿ,
ತೊಟ್ಟು ಸುದ್ದಾ ಬಲಗೈಲೇ ಮುರದು ಒಗೀತಿದ್ದ.
ಬಲಗೈ, ಅಂತ ಮನಸಿನ್ಯಾಗ ಠಸ್ಸೆ ಹೊಡದೆ.

ಆ ರಾತ್ರಿ ಮಿಲ್ಲಿನ ಹಿಂದ ನಾವು ಮೂವರು, ಅವರು ಐದು ಜನ.
ತೊಗರಿ ಹೊಟ್ಟಿನ ಧೂಳು ಬ್ಯಾಟರಿ ಬೆಳಕಿನ್ಯಾಗ ಹಾರ್ತಿತ್ತು.
ಇಬ್ಬರು ಗ್ವಾಡಿ ಜಿಗದರು. ಇಬ್ಬರು ಕುಂಡ್ರು ಅಂದ ಕೂಡಲೇ ಕುಂತರು.
ಅಂಬಾರಾಯ ನಿಂತೇ ಇದ್ದ. ಬಲಗೈ ಎತ್ತಿದ,
ಅಂಗೈ ಬಿಚ್ಚಿ ತೋರಿಸಿದ,
ಖಾಲಿ, ತೊಳದಿಟ್ಟ ತಾಟಿನಂಗ.
ಆ ಖಾಲಿ ಅಂಗೈ ನೋಡಕೋತ ನಿಂತೆ ನಾನು.
ಅಷ್ಟೇ ಅಫ್ರೋಜ್. ಮುಂದಿಂದು ನನಗ ನೆನಪಿಲ್ಲ,
ಪಂಚನಾಮೆದಾಗ ಅದ.

ಮೂರನೇ ದಿನ ಆಸ್ಪತ್ರಿಗಿ ಅವರವ್ವ ಬಂದಳು.
ಬಾಗಿಲ ಎದುರಿಗಿ ಬರಲಿಲ್ಲ, ಚೌಕಟ್ಟಿನ ಬಾಜೂಕ ನಿಂತಳು,
ಯಾರು ಕಲಿಸಿದರೋ ಆಕಿಗಿ.
ಸೆರಗಿನ ತುಂಬ ಬ್ಯಾಳಿ ಧೂಳು. ಅಳಲಿಲ್ಲ. ಮಾಫಿ ಕೇಳಲಿಲ್ಲ.
"ಅಂವ ಎಡಚ, ಸಾಹೇಬರ," ಅಂದಳು.
"ಸಣ್ಣಾಂವ ಇದ್ದಾಗ ಎಡಗೈಲೆ ತುತ್ತು ಎತ್ತಿದರ
ಅವರಪ್ಪ ಸೌಟು ಕಾಸಿ ಇಡ್ತಿದ್ದ.
ಉಣ್ಣೋದೊಂದು ಬಲಕ್ಕ ತಿರುಗಿತು,
ಉಳಿದಿದ್ದೆಲ್ಲಾ ಎಡಕ್ಕೇ ಉಳೀತು.
ಒಂದು ಮಾತು ಕೇಳಿದ್ರ ಹೇಳ್ತಿದ್ದೆ."

ಶೀಟ್ ಬರಿಯೋವಾಗ ಆಕಿ ಮನಿಗಿ ಎರಡು ಸಲ ಹೋಗಿದ್ದೆ.
ಹಾಸಿಗಿ ಝಾಡಿಸಿದ್ದೆ, ಜ್ವಾಳದ ಡಬ್ಬ್ಯಾಗ ಮೊಣಕೈತನಕ ಕೈ ಹಾಕಿದ್ದೆ.
ಆಕಿ ನೀರು ಕೊಟ್ಟಳು. ಕುಡೀಲಿಲ್ಲ.
ಏನೂ ಕೇಳಲಿಲ್ಲ.

ಈಗ ಈ ಬಲಗೈ ನೋಡು: ಎರಡು ಬೆರಳು ಮಡಚಂಗಿಲ್ಲ.
ರೊಟ್ಟಿ ಮುರೀಲಿಕ್ಕಿ ಬರಂಗಿಲ್ಲ, ಎಡಗೈಲೆ ಉಣ್ತೀನಿ.
ಬೀಗರು ಬಂದಿದ್ದರು ಅಂತ ಹೆಂಡತಿ ಒಂದಿನ
ರೊಟ್ಟಿ ಹಾಲಿನ್ಯಾಗ ಮುರದು ಚಮಚ ಇಟ್ಟಳು;
ಚಮಚಾನೂ ಎಡಕ್ಕೇ ಹೋಯ್ತು. ಯಾರೂ ಮಾತಾಡಲಿಲ್ಲ.
ಅಂವ ಜೇಲಿನ್ಯಾಗ, ಸಾಲಿನೊಳಗ ಕುಂತು,
ಬಲಗೈಲೆ ಉಣ್ತಿರಬೇಕು.

ಶೀಟಿನ್ಯಾಗ ಆ ಕಾಲಂ ಇನ್ನಾ ಇಲ್ಲ. ಮ್ಯಾಲಿನವರಿಗಿ ಬರದೀನಿ,
ಉತ್ತರ ಬಂದಾಗ ಬರ್ತದ.
ಅಲ್ಲಿತನಕ ಅಂಚಿನ್ಯಾಗ ಪೆನ್ಸಿಲಿಲೆ ಬರದಿಡ್ತೀನಿ.

ಏಳು, ಗಂಟಿ ಹೊಡೀತು. ಜಾಕೆಟ್ ಹಾಕ್ಕೋ,
ಸೆಕಿ ಅಂತ ಬಿಚ್ಚಬ್ಯಾಡ.
ಮತ್ತ ಯಾರದರೆ ಮನ್ಯಾಗ ನೀರು ಕೊಟ್ಟರ
ಬಾಗಿಲಿಗಿ ಬೆನ್ನು ಮಾಡಿ ಕುಂಡ್ರಬ್ಯಾಡ, ಆದ್ರ
ಕುಡಿ.